ಬಾಯ್ಬಿಟ್ಟು ಓದು ಮಗ

(1/5)

ಫೋಟೋದಲ್ಲಿರೋದು ನಮ್ಮಜ್ಜಿಯ ಸಂಘದ ಉಳಿತಾಯದ ಪುಸ್ತಕ. ಮೂಲೆ ಮಡಚಿದೆ, ಮೇಲೆ ಅರಿಶಿನದ ಕಲೆ. ಹೆಸರುಗಳನ್ನ ಬೆರಳಲ್ಲಿ ಮುಚ್ಚಿದ್ದೀನಿ, ಅದು ಅವರ ದುಡ್ಡಿನ ವಿಚಾರ. ಆದ್ರೆ ಒಂದು ಕಡೆ ಕೆಂಪು ಪೆನ್ನಲ್ಲಿ ಹೊಡೆದು ತಿದ್ದಿರೋದು ಕಾಣ್ತಿದೆಯಲ್ಲ, ಇವತ್ತಿನ ಬರಹ ಅದರ ಬಗ್ಗೆ.

ಹೋದ ಪೋಸ್ಟಲ್ಲಿ ‘ನೀವು ಓದೋವಾಗ ಏನೇನು ಚಾಳಿ?’ ಅಂತ ಕೇಳಿದ್ದೆ. ಕಾಲು ಅಲ್ಲಾಡಿಸದೆ ಓದಕ್ಕಾಗಲ್ಲ ಅಂದ್ರಿ, ಕೊನೇ ಪುಟ ಮೊದಲು ಓದ್ತೀನಿ ಅಂದ್ರಿ. ನಂದು ನಾನು ಹೇಳಿರ್ಲಿಲ್ಲ. ಈಗ ಹೇಳ್ತೀನಿ.

ಒಂದು, ಮನಸ್ಸಲ್ಲೇ ಓದಿದ್ರೂ ನನ್ನ ನಾಲಿಗೆ ಒಳಗೊಳಗೇ ಓಡಾಡುತ್ತೆ. ಲೈಬ್ರರಿಯಲ್ಲಿ ತುಟಿ ಅಲ್ಲಾಡೋದು ಯಾರಿಗೂ ಕಾಣಬಾರದು ಅಂತ ವೇಲ್ ತುದಿ ಬಾಯಿಗೆ ಅಡ್ಡ ಹಿಡಿತೀನಿ. ಎರಡು, ಪುಸ್ತಕ ಇಂಗ್ಲಿಷಲ್ಲಿದ್ರೂ ಅಂಕಿ ಬಂದ ತಕ್ಷಣ ಕನ್ನಡಕ್ಕೆ ಹಾರ್ತೀನಿ. ಬ್ಯಾಲೆನ್ಸ್ ಶೀಟಿನ 4,12,000 ನನಗೆ ಯಾವತ್ತೂ ‘ನಾಕು ಲಕ್ಷದ ಹನ್ನೆರಡು ಸಾವಿರ’ನೇ. ಮೂರು, ‘ಹ’ ಅಕ್ಷರ ಬಂದ್ರೆ ಒಂದು ಕ್ಷಣ ನಿಲ್ತೀನಿ. ಮನಸ್ಸಲ್ಲಿ ಓದೋವಾಗಲೂ.

ಈ ಮೂರನೇದು ಚಾಳಿ ಅಲ್ಲ. ಹೆದರಿಕೆ.

(2/5)

ನಮ್ಮದು ಮಂಡ್ಯ ಕಡೆ. ನಮ್ಮನೇಲಿ ಹಾಲು ‘ಆಲು’, ಹೋಗು ‘ಓಗು’. ಹತ್ತನೇ ಕ್ಲಾಸಿನ ತನಕ ಇದು ತಪ್ಪು ಅಂತಲೇ ನನಗೆ ಗೊತ್ತಿರ್ಲಿಲ್ಲ, ಯಾಕಂದ್ರೆ ಎಲ್ರೂ ಹಂಗೇ ಮಾತಾಡ್ತಿದ್ರು. ಪಿಯುಸಿಗೆ ಪೇಟೆಗೆ ಬಂದೆ. ಮೊದಲ ತಿಂಗಳು, ಕನ್ನಡ ಕ್ಲಾಸು, ‘ಎದ್ದು ನಿಂತು ಗಟ್ಟಿಯಾಗಿ ಓದಮ್ಮ’ ಅಂದ್ರು. ಪಾಠದಲ್ಲಿ ಹಬ್ಬ, ಹೂವು, ಹಾಲು ಮೂರೂ ಒಂದೇ ಸಾಲಲ್ಲಿ ಇರಬೇಕಾ! ನಾನು ‘ಅಬ್ಬ, ಊವು, ಆಲು’ ಅಂತ ಓದಿದೆ. ಹಿಂದಿನ ಬೆಂಚಿಂದ ಯಾರೋ ಮಾರೋರ ಥರ ‘ಊವು ಬೇಕಾ ಊವು’ ಅಂದ್ರು. ಇಡೀ ಕ್ಲಾಸು ನಕ್ತು. ಪಾಠ ಮಾಡೋರೂ ನಕ್ರು.

ಎರಡು ವರ್ಷ ನನ್ನ ಹೆಸರು ‘ಊವು’.

ಅವತ್ತಿಂದ ನಾನು ಯಾರ ಮುಂದೆನೂ ಗಟ್ಟಿಯಾಗಿ ಓದಿಲ್ಲ. ಡಿಗ್ರಿಯಲ್ಲಿ ಸೆಮಿನಾರ್ ಅಂದ್ರೆ ಪಿಪಿಟಿ ಮಾಡೋ ಕೆಲಸ ನಂದು, ಓದೋ ಕೆಲಸ ಫ್ರೆಂಡ್‌ದು. ‘ಅವಳು ತುಂಬಾ ಸೈಲೆಂಟ್’ ಅಂತ ಎಲ್ರೂ ಅಂತಾರೆ. ಸೈಲೆಂಟ್ ಅಲ್ಲ ಕಣ್ರಪ್ಪ, ಅಡಗಿಕೊಂಡಿದ್ದೆ.

ಆಮೇಲೆ ಗೊತ್ತಾಗಿದ್ದು ಹೇಳ್ತೀನಿ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’, ಹೋಗು ‘ಪೋಗು’. ಕಾಲ ಕಳೀತಾ ಆ ‘ಪ’ ಸವೆದು ‘ಹ’ ಆಯ್ತು. ನಮ್ಮೂರಲ್ಲಿ ಆ ‘ಹ’ನೂ ಸವೆದಿದೆ, ಅಷ್ಟೇ. ‘ಪ’ ಬಿಟ್ಟವರು ವಿದ್ವಾಂಸರು, ‘ಹ’ ಬಿಟ್ಟವರು ಗಮಾರರು ಅನ್ನೋದು ಯಾವ ನ್ಯಾಯ?

(3/5)

ಈಗ ಪುಸ್ತಕದ ಕಥೆ.

ಅಜ್ಜಿಯ ಸಂಘದಲ್ಲಿ ಹದಿನಾಲ್ಕು ಜನ. ಭಾನುವಾರ ಸಂಜೆ ಗುಡಿ ಕಟ್ಟೆ ಮೇಲೆ ಸೇರ್ತಾರೆ. ಉಳಿತಾಯ ಕಟ್ತಾರೆ, ಸಾಲದ ಕಂತು ಕಟ್ತಾರೆ. ಲೆಕ್ಕ ಬರೀತಿದ್ದ ಅಕ್ಕ ಮದುವೆಯಾಗಿ ಹೋದ್ರು. ‘ನಿನ್ ಮೊಮ್ಮಗಳು ಬಿಕಾಂ ಅಲ್ವಾ’ ಅಂತ ಪುಸ್ತಕ ನನ್ನ ಕೈಗೆ ಬಂತು.

ನಾನು ಹೇಗೆ ಮಾಡ್ತಿದ್ದೆ ಅಂದ್ರೆ, ದುಡ್ಡು ಎಣಿಸೋದು, ಬರೆಯೋದು, ಮೊತ್ತ ಕೂಡೋದು, ಮನಸ್ಸಲ್ಲೇ ಒಂದ್ಸಲ ಓದೋದು, ‘ಎಲ್ಲಾ ಸರಿಯಾಗಿದೆ, ಸಹಿ ಹಾಕಿ’ ಅನ್ನೋದು. ಸಹಿ ಬಾರದವರು ಹೆಬ್ಬೆಟ್ಟು ಒತ್ತೋರು. ಹತ್ತು ನಿಮಿಷದಲ್ಲಿ ಮುಗೀತಿತ್ತು. ನನಗೂ ಹೆಮ್ಮೆ.

ಐದನೇ ವಾರ ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ.

‘ಏನ್ ಬರ್ದಿದ್ದೀಯೋ ನಮಗೇನ್ ಗೊತ್ತು? ಬಾಯ್ಬಿಟ್ಟು ಓದು ಮಗ.’

‘ಸರಿ ಇದೆ ಅಜ್ಜಿ, ಎರಡ್ಸಲ ಕೂಡಿದ್ದೀನಿ.’

‘ನೀನ್ ಕೂಡಿದ್ದೀಯ. ನಾವು ಕೇಳಿಲ್ವಲ್ಲ. ಬಾಯ್ಗೇನು ಬೀಗ ಆಕ್ಕಂಡಿದ್ದೀಯಾ?’

ಗಂಟಲು ಒಣಗ್ತು. ಓದಿದೆ. ಮೂರು ವರ್ಷದ ನಂತರ ಮೊದಲ ಸಲ ಜನರ ಮುಂದೆ. ಹಿಂದಿನ ವಾರದಿಂದ ಶುರು ಮಾಡಿ ಒಂದೊಂದೇ ಹೆಸರು, ಒಂದೊಂದೇ ಮೊತ್ತ. ಹದಿನಾಲ್ಕನೇ ಹೆಸರು ಮುಗಿದಾಗ ಮೂಲೆ ಮನೆ ಅತ್ತೆ ಕೈ ಎತ್ತಿದ್ರು.

‘ತಡಿಯವ್ವ. ನಾನು ಓದ್ ವಾರ ಮುನ್ನೂರು ಕೊಟ್ಟಿದ್ನಲ್ಲ. ಅದನ್ನ ಓದ್ಲೇ ಇಲ್ಲ ನೀನು.’

ಅವರು ಹೇಳಿದ್ದು ‘ಹೋದ ವಾರ’. ಯಾರೂ ನಗಲಿಲ್ಲ.

ಹುಡುಕಿದೆ. ಸಂಘದಲ್ಲಿ ಒಂದೇ ಹೆಸರಿನವರು ಇಬ್ಬರಿದ್ದಾರೆ. ಅತ್ತೆಯ ಕಂತನ್ನ ಇನ್ನೊಬ್ಬರ ಖಾತೆಗೆ ಬರೆದುಬಿಟ್ಟಿದ್ದೆ. ಕೆಂಪು ಪೆನ್ನಿನ ಗುರುತು ಅದೇ.

(4/5)

ಕಾಮರ್ಸ್ ಓದೋರಿಗೆ ಅರ್ಥ ಆಗಿರುತ್ತೆ. ಇದು ಎರರ್ ಆಫ್ ಕಮಿಷನ್. ಮೊತ್ತ ಸರಿ, ಖಾತೆ ತಪ್ಪು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗುತ್ತೆ, ತಪ್ಪು ಒಳಗೇ ಕೂತಿರುತ್ತೆ. ನಾನು ಎರಡ್ಸಲ ಅಲ್ಲ, ಇಪ್ಪತ್ತು ಸಲ ಕೂಡಿದ್ರೂ ಸಿಗ್ತಿರ್ಲಿಲ್ಲ. ಮನಸ್ಸಲ್ಲಿ ಓದಿದಾಗ ನಾನು ಬರೆದಿದ್ದನ್ನ ನಾನೇ ನಂಬಿದೆ. ಗಟ್ಟಿಯಾಗಿ ಓದಿದಾಗ ದುಡ್ಡು ಕೊಟ್ಟವರ ಕಿವಿ ಹಿಡಿದುಕೊಳ್ತು.

ನಮ್ಮ ಆಡಿಟಿಂಗ್ ಪುಸ್ತಕದ ಮೊದಲ ಪಾಠದಲ್ಲೇ ಇದೆ. ಆಡಿಟ್ ಅನ್ನೋ ಪದ ಬಂದಿದ್ದು ಲ್ಯಾಟಿನ್ನಿನ ‘ಆಡಿರೆ’ಯಿಂದ, ಅಂದ್ರೆ ‘ಕೇಳು’. ಹಿಂದೆ ಲೆಕ್ಕ ಬರೆದವರು ಅದನ್ನ ಗಟ್ಟಿಯಾಗಿ ಓದ್ತಿದ್ರು, ಆಡಿಟರ್ ಕೂತು ಕೇಳ್ತಿದ್ದ. ಎರಡು ಮಾರ್ಕಿನ ಪ್ರಶ್ನೆ ಅಂತ ಉರು ಹೊಡೆದಿದ್ದೆ. ಅರ್ಥ ಮಾಡಿಸಿದ್ದು ಒಂದಕ್ಷರ ಓದಲು ಬಾರದ ಅಜ್ಜಿ.

ನಮ್ಮಲ್ಲೂ ಓದು ಅಂದ್ರೆ ಒಬ್ಬರೇ ಮೂಲೆಯಲ್ಲಿ ಕೂತು ಮಾಡೋ ಕೆಲಸ ಮಾತ್ರ ಆಗಿರ್ಲಿಲ್ಲ. ಗಮಕ ನೋಡಿ. ಒಬ್ಬರು ಕುಮಾರವ್ಯಾಸ ಭಾರತವನ್ನ ರಾಗವಾಗಿ ಓದ್ತಾರೆ, ಪಕ್ಕದವರು ಅರ್ಥ ಹೇಳ್ತಾರೆ, ಅಕ್ಷರ ಬಾರದವರೂ ಕೂತು ಭಾರತವನ್ನ ತಮ್ಮದು ಮಾಡಿಕೊಳ್ತಾರೆ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಹೀಗೆ ಓದಿದ್ದಕ್ಕೇ. ಓದಿದವರಿಗೂ ಲಾಭ ಇದೆ. ಮನಸ್ಸಲ್ಲಿ ಓದಿದ ಪದಕ್ಕಿಂತ ಬಾಯಲ್ಲಿ ಹೇಳಿದ ಪದ ಚೆನ್ನಾಗಿ ನೆನಪಿರುತ್ತೆ. ಕೆನಡಾದ ಕಾಲಿನ್ ಮ್ಯಾಕ್ಲೌಡ್ ಮತ್ತು ಜೊತೆಗಾರರು 2010ರಲ್ಲಿ ಇದಕ್ಕೆ ‘ಪ್ರೊಡಕ್ಷನ್ ಎಫೆಕ್ಟ್’ ಅಂತ ಹೆಸರಿಟ್ರು. ನಮ್ಮಜ್ಜಿಯಂಥೋರು ‘ಬಾಯ್ಬಿಟ್ಟು ಓದಿದ್ರೆ ತಲೇಲಿ ನಿಲ್ಲುತ್ತೆ’ ಅಂತ ಬೈದಿದ್ದು ಸುಳ್ಳಲ್ಲ.

(5/5)

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ.

ಲೈಬ್ರರಿಯಲ್ಲಿ ಸದ್ದಿಲ್ಲದೆ ಓದೋದು ಸರಿ. ಪಕ್ಕದವರಿಗೂ ಓದಬೇಕಲ್ಲ. ಉಚ್ಚಾರ ಕಲಿಯೋದೂ ಸರಿ. ‘ಹ’ ನಾನೂ ಕಲೀತಿದ್ದೀನಿ, ಇಂಟರ್‌ವ್ಯೂಗೆ ಬೇಕು ಅಂತ ಗೊತ್ತು. ಆದ್ರೆ ಎದ್ದು ನಿಂತು ಓದೋರನ್ನ ನಡುವೆ ತಡೆದು ನಗೋದಿದೆಯಲ್ಲ, ಅದರಿಂದ ಯಾರ ಉಚ್ಚಾರವೂ ಸರಿಯಾಗಲ್ಲ. ಬಾಯಿ ಮುಚ್ಚುತ್ತೆ, ಅಷ್ಟೇ. ‘ಅ-ಹ’ ಗೊಂದಲದ ರೀಲ್ಸ್ ನೋಡಿ ನಾನೂ ನಕ್ಕಿದ್ದೀನಿ. ಆದ್ರೆ ಅದರಿಂದ ಎಷ್ಟು ಜನ ಓದೋದು ಬಿಟ್ರು ಅಂತ ಯಾರೂ ಲೆಕ್ಕ ಇಟ್ಟಿಲ್ಲ.

ಓದು ಬಂದವರು ಬಾಯಿ ಮುಚ್ಚಿದ್ರೆ ನಷ್ಟ ಅವರೊಬ್ಬರಿಗೇ ಅಲ್ಲ. ಬ್ಯಾಂಕಿನ ಮೆಸೇಜು, ಪಂಚಾಯ್ತಿ ನೋಟಿಸು, ಗೃಹಲಕ್ಷ್ಮಿ ದುಡ್ಡು ಬಂತಾ ಇಲ್ವಾ ಅನ್ನೋದು, ಎಲ್ಲದಕ್ಕೂ ಮನೆಯಲ್ಲಿ ಒಬ್ಬರು ಓದೋರು ಬೇಕು. ನಾವು ಫೋನ್ ಕಡೆ ನೋಡಿ ‘ಏನೂ ಇಲ್ಲ ಬಿಡಜ್ಜಿ’ ಅಂದ್ಬಿಡ್ತೀವಿ. ನಮಗೆ ಏನೂ ಇಲ್ಲದಿರಬಹುದು. ಅವರಿಗೆ ಪ್ರಶ್ನೆ ಕೇಳೋ ಅವಕಾಶನೇ ಹೋಯ್ತು. ಪೂರ್ತಿ ಓದಿ ಹೇಳಿದ್ರೆ ಅವರು ತಪ್ಪು ಹಿಡೀತಾರೆ. ಸಾರಾಂಶ ಹೇಳಿದ್ರೆ ನಮ್ಮನ್ನ ನಂಬಬೇಕಷ್ಟೇ.

ನಾನು ನಾಚಿಕೆಗೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಬೆಲೆ ತೆರಬೇಕಾಗಿದ್ದು ಮೂಲೆ ಮನೆ ಅತ್ತೆ. ಮುನ್ನೂರು ಅಂದ್ರೆ ಅವರಿಗೆ ಒಂದು ದಿನದ ಕೂಲಿ.

ಅದಕ್ಕೇ ಎರಡೇ ಮಾತು. ಯಾರಾದ್ರೂ ಓದ್ತಿದ್ರೆ ಮುಗಿಯೋ ತನಕ ಕೇಳಿ. ತಿದ್ದಲೇಬೇಕು ಅಂದ್ರೆ ಆಮೇಲೆ, ಅವರೊಬ್ಬರೇ ಇದ್ದಾಗ ತಿದ್ದಿ. ಮತ್ತೆ ಇವತ್ತು ಮನೆಗೆ ಹೋಗಿ, ಓದು ಬಾರದವರು ಯಾರಾದ್ರೂ ಇದ್ರೆ, ಅವರ ಹೆಸರಿಗೆ ಬಂದ ಒಂದು ಕಾಗದನಾದ್ರೂ ಪೂರ್ತಿ, ಗಟ್ಟಿಯಾಗಿ ಓದಿ.

ಈಗ ಭಾನುವಾರ ಲೆಕ್ಕಕ್ಕೆ ಅರ್ಧ ಗಂಟೆ ಹಿಡಿಯುತ್ತೆ. ನಡುನಡುವೆ ‘ತಡಿ, ಇನ್ನೊಂದ್ಸಲ ಓದು’ ಅಂತಾರೆ. ಓದ್ತೀನಿ. ಕೆಲವು ‘ಹ’ ಬರುತ್ತೆ, ಕೆಲವು ಬರಲ್ಲ. ಅಲ್ಲಿ ಯಾರೂ ಅದನ್ನ ಎಣಿಸಲ್ಲ, ದುಡ್ಡು ಎಣಿಸ್ತಾರೆ.

ಮುಂದಿನ ವಾರ ಕಾಲೇಜಲ್ಲಿ ಸೆಮಿನಾರ್ ಇದೆ. ವಿಷಯ ಆಡಿಟಿಂಗ್. ಓದೋರ ಪಟ್ಟಿಯಲ್ಲಿ ಈ ಸಲ ನನ್ನ ಹೆಸರು ಕೊಟ್ಟಿದ್ದೀನಿ.

ನೀವು ಯಾವಾಗಿಂದ ಗಟ್ಟಿಯಾಗಿ ಓದೋದು ಬಿಟ್ರಿ? ಯಾಕೆ? ಕಾಮೆಂಟಲ್ಲಿ ಹೇಳಿ. ಯಾರೂ ನಗಲ್ಲ, ನಕ್ಕವರನ್ನ ಬ್ಲಾಕ್ ಮಾಡ್ತೀನಿ.

#ಓದು #ಬಿಕಾಂಡೈರಿ #ನಮ್ಮೂರಕನ್ನಡ #ಅಜ್ಜಿಯಆಡಿಟ್