ಕನ್ನಡಿಯಲ್ಲಿ ಕಾಣದ ಮುಖಗಳು



ಅರಮನೆ ನೋಡಲು ಹೋದಾಗ ನೀವೇನು ಮಾಡುತ್ತೀರಿ? ಗೈಡ್ ಕೈತೋರಿದ ಕಡೆ ಕತ್ತೆತ್ತಿ ನೋಡಿ, ಒಂದು ಫೋಟೋ ತೆಗೆದು, ಮುಂದಿನ ಕೋಣೆಗೆ ನಡೆಯುತ್ತೀರಿ, ಅಲ್ಲವೇ? ನಾನೂ ಹಾಗೆಯೇ ಮಾಡುತ್ತಿದ್ದೆ. ಮಾಸ್ಕೋದ ಕುಸ್ಕೊವೊ ಅರಮನೆ ನೋಡಿದ ಮೇಲೆ ಆ ಅಭ್ಯಾಸ ತಪ್ಪಿತು.

ಕೆರೆಯ ದಡದಲ್ಲಿ ನಸುಗೆಂಪು ಬಣ್ಣದ ಕಟ್ಟಡ. ಕಂಬಗಳನ್ನು ಕಂಡು ಕಲ್ಲಿನದೆಂದುಕೊಂಡೆ. "ಅಲ್ಲ, ಇದು ಮರದ್ದು" ಎಂದು ನಕ್ಕರು ನಮ್ಮ ಗೈಡ್, ಒಬ್ಬ ಹಿರಿಯ ಮಹಿಳೆ. ಶೆರೆಮೆಟೆವ್ ಮನೆತನದ ಕೌಂಟ್ ಪ್ಯೋತರ್ 1769ರಿಂದ 1775ರವರೆಗೆ ಕಟ್ಟಿಸಿದ್ದಂತೆ. ಬೇಸಿಗೆಯ ಔತಣ, ನೃತ್ಯಗಳಿಗೆಂದೇ ಇಷ್ಟೆಲ್ಲ! ನೃತ್ಯಶಾಲೆಯಲ್ಲಿ ಕಿಟಕಿಗಳಿಗೆ ಎದುರಾಗಿ ದೊಡ್ಡ ದೊಡ್ಡ ಕನ್ನಡಿಗಳು. ಹೊರಗಿನ ತೋಟವೇ ಒಳಗೆ ಬಂದಂತೆ ಕಾಣುತ್ತದೆ.

ನಾವು ಕನ್ನಡಿಯಲ್ಲಿ ನಮ್ಮನ್ನೇ ನೋಡಿಕೊಳ್ಳುತ್ತಿದ್ದಾಗ ಆಕೆ ಕೇಳಿದರು: "ಇಲ್ಲಿ ದುಡಿದವರು ಯಾರು, ಬಲ್ಲಿರಾ?"

ಉತ್ತರವನ್ನೂ ಅವರೇ ಹೇಳಿದರು. ಕಟ್ಟಡದ ಕೆಲಸದಲ್ಲಿದ್ದ ಅಲೆಕ್ಸೇಯ್ ಮಿರೊನೊವ್, ತೋಟದ ಗ್ರಾಟೊ ಮಂಟಪದ ವಾಸ್ತುಶಿಲ್ಪಿ ಫ್ಯೋದರ್ ಅರ್ಗುನೊವ್, ಚಿತ್ರಕಾರ ಇವಾನ್ ಅರ್ಗುನೊವ್ – ಎಲ್ಲರೂ ಸರ್ಫ್‌ಗಳು. ಅಂದರೆ ಒಡೆಯನ ಸ್ವತ್ತಾಗಿದ್ದ ಜೀತದ ಜನ.

ಕಮ್ಮಾರನೊಬ್ಬನ ಮಗಳು ಪ್ರಸ್ಕೋವ್ಯಾ ಕೂಡ ಹಾಗೆಯೇ. ಚಿಕ್ಕವಳಿದ್ದಾಗಲೇ ಅವಳನ್ನು ತಂದು ಸಂಗೀತ ಕಲಿಸಿದರು. ಶೆರೆಮೆಟೆವ್‌ರ ನಾಟಕಶಾಲೆಯ ನಟಿಯರಿಗೆ ರತ್ನಗಳ ಹೆಸರಿಡುವುದು ವಾಡಿಕೆ. ಇವಳಿಗೆ ಸಿಕ್ಕಿದ್ದು ಮುತ್ತಿನ ಹೆಸರು, ಝೆಮ್ಚುಗೊವಾ. 1787ರಲ್ಲಿ ಕುಸ್ಕೊವೊಗೆ ಬಂದ ಮಹಾರಾಣಿ ಕ್ಯಾಥರೀನ್ ಅವಳ ಗಾಯನಕ್ಕೆ ಮೆಚ್ಚಿ ಉಂಗುರ ಕೊಟ್ಟಳು. ಆದರೂ ಅವಳಿನ್ನೂ ಜೀತದವಳೇ!

ಪ್ಯೋತರ್‌ನ ಮಗ ನಿಕೊಲಾಯ್ ಅವಳನ್ನು ಪ್ರೀತಿಸಿದ. 1798ರಲ್ಲಿ ಬಿಡುಗಡೆ ಮಾಡಿದ. 1801ರಲ್ಲಿ ಮದುವೆಯಾದ, ಅದೂ ಗುಟ್ಟಾಗಿ. ಒಡೆಯನಾಗಿ ಅವಳನ್ನು ಮಾರುವ ಹಕ್ಕು ಅವನಿಗಿತ್ತು. ಹೆಂಡತಿಯೆಂದು ನಾಲ್ಕು ಜನರೆದುರು ಹೇಳುವ ಧೈರ್ಯ ಇರಲಿಲ್ಲ. 1803ರಲ್ಲಿ ಮಗ ಹುಟ್ಟಿ ಮೂರು ವಾರ ಕಳೆಯುವಷ್ಟರಲ್ಲಿ ಅವಳು ತೀರಿಕೊಂಡಳು. ಅವಳ ನೆನಪಿಗೆ ಅವನು ಮಾಸ್ಕೋದಲ್ಲಿ ಬಡವರ ಆಶ್ರಯಧಾಮ ಮತ್ತು ಆಸ್ಪತ್ರೆ ಕಟ್ಟಿಸಿದ. ಅದು ಬಾಗಿಲು ತೆರೆದದ್ದು 1810ರಲ್ಲಿ, ಅವನೂ ತೀರಿಕೊಂಡ ಮೇಲೆ. ರಷ್ಯದಲ್ಲಿ ಜೀತಪದ್ಧತಿ ರದ್ದಾದದ್ದಂತೂ 1861ರಲ್ಲಿ.

ಕುಸ್ಕೊವೊದಲ್ಲಿ ಅವಳು ಹಾಡಿದ ರಂಗಮಂದಿರ ಈಗ ಉಳಿದಿಲ್ಲ. ಆದರೆ ಹೊರಗೆ ಬಂದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಕನ್ನಡಿಗಳಲ್ಲ, ಆ ಹೆಸರುಗಳು. ಗೈಡ್ ಹೇಳದಿದ್ದರೆ ನಾನಾಗಿ ಕೇಳುತ್ತಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಮಿತ್ರರೇ, ಇನ್ನು ಮುಂದೆ ಯಾವುದೇ ಅರಮನೆ ನೋಡಲು ಹೋಗಿ, "ಕಟ್ಟಿಸಿದವರು ಯಾರು?" ಎಂದು ಕೇಳಿ ಸುಮ್ಮನಾಗಬೇಡಿ. "ಕಟ್ಟಿದವರು ಯಾರು?" ಎಂದೂ ಕೇಳಿ. ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳೋಣ, ಅದಕ್ಕೇನಂತೆ!