ಟ್ಯಾಬ್ಲೆಟ್ಟಿನಿಂದ ಕಾಗದಕ್ಕೆ ಬರಬೇಕಾದ ಕನ್ನಡ

ಕೊಯಮತ್ತೂರಿನ ಗಾಂಧಿಪುರದಲ್ಲಾಗಲಿ ತಿರುಪ್ಪೂರಿನ ಬಸ್ ನಿಲ್ದಾಣದ ಸುತ್ತಮುತ್ತಲಾಗಲಿ ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ತಮಿಳಿನ ಕಡತವನ್ನೋ ಇಂಗ್ಲಿಷಿನ ಕಡತವನ್ನೋ ಕೊಟ್ಟರೆ ನಿಮಿಷದೊಳಗೆ ಅಚ್ಚಾಗಿ ಕೈಗೆ ಬರುತ್ತದೆ. ಆದರೆ ಕನ್ನಡ ಶಾಲೆಯ ಗುರುಗಳು ಕಳುಹಿಸಿದ ಪ್ರಶ್ನಾವಳಿಯನ್ನು ಕೊಟ್ಟಾಗ ಅಕ್ಷರಗಳ ಸ್ಥಾನದಲ್ಲಿ ಖಾಲಿ ಚೌಕಗಳು ಬರುವುದುಂಟು, ಇಲ್ಲವೇ ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುವುದುಂಟು. ಅಂಗಡಿಯವರನ್ನು ದೂರಿ ಫಲವಿಲ್ಲ. ನುಡಿ, ಬರಹ ಫಾಂಟುಗಳನ್ನು ತಮ್ಮ ಗಣಕದಲ್ಲಿ ಇರಿಸಿಕೊಳ್ಳುವ ಅಗತ್ಯ ಅವರಿಗೆ ಎಂದೂ ಬಿದ್ದಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಅದು ಸೇರ್ಪಡೆಯಾಯಿತು. ಮನೆಪಾಠದ ಹಾಳೆ ಕಾಗದಕ್ಕೆ ಹೇಗೆ ಬರಬೇಕೆಂಬುದು ಮಾತ್ರ ಯಾವ ಅನುಚ್ಛೇದದಲ್ಲಿಯೂ ಇಲ್ಲ. ನಮ್ಮ ಈ ಎರಡು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಆಡಿ ಹೊರಗೆ ತಮಿಳನ್ನೇ ಓದಿ ಬರೆಯುವ ಕುಟುಂಬಗಳು, ಅದರಲ್ಲೂ ನೇಕಾರ ದೇವಾಂಗರ ಮನೆಗಳು, ಬಹಳ. ಅಂಥ ಮನೆಯ ಮಗುವಿನ ಕಣ್ಣಿಗೆ ಕನ್ನಡ ಲಿಪಿ ಬೀಳುವುದು ಪಾಠದ ಹಾಳೆಯಲ್ಲಿ ಮಾತ್ರ. ಆ ಹಾಳೆಯಲ್ಲಿಯೂ ಒತ್ತಕ್ಷರ ಮುರಿದು ಬಂದರೆ ಮಗು ಅದನ್ನೇ ಸರಿಯೆಂದು ಕಲಿಯುತ್ತದೆ.

ಆದ್ದರಿಂದ, 2020ರ ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೊಂಡ ಟ್ಯಾಬ್ಲೆಟ್ ಇನ್ನೂ ನಡೆಯುತ್ತಿರುವ ಮನೆಗಳಲ್ಲಿ ಒಂದು ಸಾಧಾರಣ ವೈಫೈ ಪ್ರಿಂಟರ್ ಇರುವುದು ಲೇಸು. ಅದನ್ನು ಜೋಡಿಸಲು ತಂತಿಯೂ ಬೇಡ, ಗಣಕವೂ ಬೇಡ. ಐಪ್ಯಾಡುಗಳಲ್ಲಿ 2010ರಿಂದ ಏರ್‌ಪ್ರಿಂಟ್ ಎಂಬ ವ್ಯವಸ್ಥೆ ಇದೆ. ಆಂಡ್ರಾಯ್ಡ್‌ನಲ್ಲಿ ಮುದ್ರಣದ ಸೌಲಭ್ಯ 2013ರ 4.4 ಆವೃತ್ತಿಯಿಂದ ಬಂದಿತು. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟಿಂಗ್ ಎಂದು ಹುಡುಕಿದರೆ ಡಿಫಾಲ್ಟ್ ಪ್ರಿಂಟ್ ಸರ್ವೀಸ್ ಎಂಬುದು ಕಾಣುತ್ತದೆ; ಅದನ್ನು ಚಾಲೂ ಮಾಡಬೇಕು. ಹಳೆಯ ಟ್ಯಾಬ್ಲೆಟ್ಟಿನಲ್ಲಿ ಅದು ಕಾಣದಿದ್ದರೆ ಮೋಪ್ರಿಯಾ ಪ್ರಿಂಟ್ ಸರ್ವೀಸ್ ಎಂಬ ಉಚಿತ ಆ್ಯಪ್ ಸಾಕು. ಹಳೆಯ ಕೈಪಿಡಿಗಳಲ್ಲಿ ಗೂಗಲ್ ಕ್ಲೌಡ್ ಪ್ರಿಂಟ್ ಎಂದು ಬರೆದಿದ್ದರೆ ಆ ಪುಟವನ್ನು ಬಿಟ್ಟು ಮುಂದಕ್ಕೆ ಹೋಗಿ. 2020ರ ಡಿಸೆಂಬರ್ 31ಕ್ಕೆ ಆ ಸೇವೆ ಮುಗಿಯಿತು.

ಪ್ರಿಂಟರ್ ಮತ್ತು ಟ್ಯಾಬ್ಲೆಟ್ ಒಂದೇ ವೈಫೈ ಜಾಲದಲ್ಲಿರಬೇಕೆಂಬುದು ಇಲ್ಲಿನ ಮೂಲ ನಿಯಮ. ಅತಿಥಿಗಳಿಗೆಂದು ರೂಟರ್ ಬೇರೆಯಾಗಿ ತೆರೆದಿಡುವ ಜಾಲಕ್ಕೆ ಟ್ಯಾಬ್ಲೆಟ್ ಸೇರಿಕೊಂಡಿದ್ದರೆ ಸಾಮಾನ್ಯವಾಗಿ ಪ್ರಿಂಟರ್ ಕಣ್ಣಿಗೆ ಬೀಳದು. ಪರದೆಯಿಲ್ಲದ ಚಿಕ್ಕ ಪ್ರಿಂಟರುಗಳಲ್ಲಿ ವೈಫೈ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಎರಡು ನಿಮಿಷದೊಳಗೆ ರೂಟರಿನ ಡಬ್ಲ್ಯುಪಿಎಸ್ ಗುಂಡಿಯನ್ನು ಒತ್ತಿದರೆ ಎರಡೂ ಪರಸ್ಪರ ಗುರುತು ಹಿಡಿಯುತ್ತವೆ. ರೂಟರಿನಲ್ಲಿ ಆ ಗುಂಡಿ ಇಲ್ಲದಿದ್ದರೆ ಪ್ರಿಂಟರ್ ತಯಾರಕರ ಆ್ಯಪ್‌ನಿಂದ ಜೋಡಿಸಬೇಕು. ತಿಂಗಳ ದುರಸ್ತಿಯ ವಿದ್ಯುತ್ ನಿಲುಗಡೆ ಮುಗಿದ ದಿನ ಪ್ರಿಂಟರ್ ಸಿಗುತ್ತಿಲ್ಲವೆಂಬ ದೂರು ಸಾಮಾನ್ಯ. ರೂಟರ್ ಪೂರ್ತಿ ಎಚ್ಚರಗೊಳ್ಳುವ ಮುನ್ನವೇ ಪ್ರಿಂಟರ್ ಎದ್ದು ಕುಳಿತಿರುತ್ತದೆ, ಅಷ್ಟೆ. ಅದನ್ನು ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ.

ತಿರುಪ್ಪೂರಿನ ಅನೇಕ ಮನೆಗಳಲ್ಲಿ ರೂಟರೇ ಇಲ್ಲ. ತಂದೆಯ ಮೊಬೈಲಿನ ಹಾಟ್‌ಸ್ಪಾಟ್ ಇಡೀ ಮನೆಯ ಜಾಲ. ತಂದೆ ಬನಿಯನ್ ಕಾರ್ಖಾನೆಗೆ ಹೊರಟರೆ ಜಾಲವೂ ಅವರ ಜೇಬಿನಲ್ಲಿ ಹೊರಡುತ್ತದೆ. ಅಂಥವರು ಪ್ರಿಂಟರ್ ಕೊಳ್ಳುವಾಗಲೇ ವೈಫೈ ಡೈರೆಕ್ಟ್ ಇದೆಯೇ ಎಂದು ಕೇಳಬೇಕು. ಅದಿದ್ದರೆ ಪ್ರಿಂಟರ್ ತಾನೇ ಒಂದು ಪುಟ್ಟ ಜಾಲವನ್ನು ಹುಟ್ಟಿಸುತ್ತದೆ. ಡೈರೆಕ್ಟ್ ಎಂಬ ಪದದಿಂದ ಆರಂಭವಾಗುವ ಹೆಸರು ಟ್ಯಾಬ್ಲೆಟ್ಟಿನ ವೈಫೈ ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿ ಇಂಟರ್ನೆಟ್ ಇಲ್ಲವೆಂದು ಟ್ಯಾಬ್ಲೆಟ್ ಎಚ್ಚರಿಸಿದರೂ ಸಂಪರ್ಕ ಬಿಡಬಾರದು. ಪಾಠದ ಕಡತವನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡಿದ್ದರೆ ತಂದೆ ಮನೆಯಲ್ಲಿಲ್ಲದಾಗಲೂ ಮುದ್ರಣ ನಿಲ್ಲದು. ಕಾರ್ಖಾನೆಯಿಂದ ಬಂದ ಸುಲಭದ ಪಾಸ್‌ವರ್ಡನ್ನು ಬದಲಿಸಿಬಿಡಿ, ವಠಾರದ ಮನೆಗಳಲ್ಲಂತೂ ತಪ್ಪದೆ.

ಇನ್ನು ಕನ್ನಡದ ತೊಡಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತ ಒಳಗೆ ಇಂಗ್ಲಿಷಿನ ಸಂಕೇತಗಳನ್ನೇ ಹೊತ್ತಿರುತ್ತದೆ; ಫಾಂಟ್ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತದೆ. ಯೂನಿಕೋಡಿನಲ್ಲಿ ಬರೆದದ್ದಕ್ಕೆ ಈ ಕಷ್ಟವಿಲ್ಲ. ಹಾಗಿದ್ದರೂ ವರ್ಡ್ ಕಡತವನ್ನು ಯಾವುದೋ ಆ್ಯಪ್‌ನಿಂದ ನೇರವಾಗಿ ಪ್ರಿಂಟರಿಗೆ ಕಳುಹಿಸಿದರೆ ಒತ್ತಕ್ಷರ ಕೆಡುವುದುಂಟು. ಗುರುಗಳಲ್ಲಿ ನನ್ನ ವಿನಂತಿ ಒಂದೇ: ಮನೆಪಾಠವನ್ನು ವರ್ಡ್ ಕಡತವಾಗಿ ಕಳುಹಿಸಬೇಡಿ, ಪಿಡಿಎಫ್ ಮಾಡಿ ಕಳುಹಿಸಿ. ಫಾಂಟ್ ಆ ಕಡತದೊಳಗೇ ಅಡಗಿ ಬರುವುದರಿಂದ ಪುಟ ಕಂಡಂತೆಯೇ ಅಚ್ಚಾಗುತ್ತದೆ. ಮನೆಯವರೂ ಮುದ್ರಣದ ಪರದೆಯಲ್ಲಿ ಪ್ರಿಂಟರಿನ ಹೆಸರಿರುವಲ್ಲಿ ಸೇವ್ ಆ್ಯಸ್ ಪಿಡಿಎಫ್ ಎಂಬುದನ್ನು ಆರಿಸಿ, ತೆರೆದು ಓದಿ ನೋಡಿ, ಆಮೇಲೆ ಮುದ್ರಿಸಬಹುದು. ಏನೂ ಫಲಿಸದಿದ್ದರೆ ಪುಟದ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿಯೇ ಅಚ್ಚು ಹಾಕುವುದು. ಚಿತ್ರದಲ್ಲಿ ಒತ್ತಕ್ಷರ ಕದಲುವ ಭಯವಿಲ್ಲ.

ಬನಿಯನ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಕಕ್ಷಿದಾರರೊಬ್ಬರು ಕೇಳಿದ್ದರು: “ಸಾರ್, ಪಠ್ಯಪುಸ್ತಕದ ಪುಟಗಳನ್ನು ಮನೆಯಲ್ಲಿ ಅಚ್ಚು ಹಾಕಿಕೊಂಡರೆ ಕೇಸು ಬೀಳುತ್ತದೆಯೇ?” ಬೀಳುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆ, 1957ರ 52ನೆಯ ಪ್ರಕರಣವು ಖಾಸಗಿ ಬಳಕೆಗಾಗಿ ನ್ಯಾಯಯುತವಾಗಿ ಪ್ರತಿ ಮಾಡಿಕೊಳ್ಳುವುದನ್ನೂ, ಬೋಧನೆಯ ನಡುವೆ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡುವುದನ್ನೂ ಉಲ್ಲಂಘನೆಯೆಂದು ಎಣಿಸುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಫೋಟೋಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ಹೂಡಿದ್ದ ದಾವೆಯನ್ನು 2016ರ ಸೆಪ್ಟೆಂಬರ್ 16ರಂದು ದೆಹಲಿ ಉಚ್ಚ ನ್ಯಾಯಾಲಯ ವಜಾ ಮಾಡಿತು. ಮೇಲ್ಮನವಿಯಲ್ಲಿ ಕೆಲವು ಅಂಶಗಳು ಮರುವಿಚಾರಣೆಗೆ ಹೋದರೂ ಬೋಧನೆಗೆ ಬೇಕಾದಷ್ಟು ಪ್ರತಿ ಮಾಡಬಹುದೆಂಬ ತತ್ತ್ವ ಉಳಿಯಿತು; 2017ರಲ್ಲಿ ಪ್ರಕಾಶಕರೇ ದಾವೆಯನ್ನು ಹಿಂತೆಗೆದುಕೊಂಡರು. ಕರ್ನಾಟಕ ಪಠ್ಯಪುಸ್ತಕ ಸಂಘವಂತೂ ತನ್ನ ಪುಸ್ತಕಗಳ ಪಿಡಿಎಫ್‌ಗಳನ್ನು ಸಾರ್ವಜನಿಕರಿಗಾಗಿಯೇ ಜಾಲತಾಣದಲ್ಲಿ ಇರಿಸಿದೆ. ಆದರೆ ಅವುಗಳನ್ನು ಅಚ್ಚು ಹಾಕಿ ಬೀದಿಯ ಮಕ್ಕಳಿಗೆಲ್ಲ ಹಣಕ್ಕೆ ಮಾರಿದರೆ ಅದು ಬೇರೆಯೇ ವಿಷಯ. ಆಗ ನಾನು ಶುಲ್ಕ ಪಡೆಯಬೇಕಾಗುತ್ತದೆ.

ವಕೀಲನಾಗಿ ನನಗೆ ಮನೆಯ ಪ್ರಿಂಟರ್ ಹಿಡಿಸಲು ಇನ್ನೊಂದು ಕಾರಣವಿದೆ. ಶಾಲೆಗೆ ಸೇರಿಸುವ ತಿಂಗಳಲ್ಲಿ ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಎಲ್ಲವೂ ಅಂಗಡಿಯ ವಾಟ್ಸ್ಆ್ಯಪ್ ಸಂಖ್ಯೆಗೆ ಹೋಗಿ ಬೀಳುತ್ತವೆ. ನಾವು ಮನೆಗೆ ಬಂದ ಮೇಲೂ ಅಲ್ಲಿಯೇ ಉಳಿದಿರುತ್ತವೆ. ಅಂಗಡಿಗೆ ಹೋಗಲೇಬೇಕಾದರೆ ಪ್ರಾಧಿಕಾರದ ಜಾಲತಾಣದಿಂದ ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನು ಇಳಿಸಿಕೊಳ್ಳಿ, ಕೆಲಸ ಮುಗಿದೊಡನೆ ಅಳಿಸುವಂತೆ ಎದುರಿಗೇ ನಿಂತು ಹೇಳಿ.

ಖರ್ಚಿನ ಮಾತು ಚಿಕ್ಕದು. ಮಕ್ಕಳ ಕೈಯಲ್ಲಿ ಟ್ಯಾಬ್ಲೆಟ್ ಇರುವಾಗ ಮುದ್ರಣವನ್ನು ಕಪ್ಪು-ಬಿಳುಪಿಗೆ ಇರಿಸಿ. ಒಂದು ಹಾಳೆಗೆ ಎರಡು ಪುಟ ಆರಿಸಿದರೆ ಕಾಗದ ಅರ್ಧ ಉಳಿಯುತ್ತದೆ. ಶಾಯಿಯ ಪ್ರಿಂಟರನ್ನು ಬೇಸಿಗೆ ರಜೆಯುದ್ದಕ್ಕೂ ಮುಟ್ಟದೆ ಬಿಟ್ಟರೆ ಶಾಯಿ ಒಣಗಿ ತುದಿ ಕಟ್ಟಿಕೊಳ್ಳುತ್ತದೆ. ಊರಿಗೆ ಹೊರಡುವ ಮುನ್ನ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ವಾರಕ್ಕೊಂದು ಬಣ್ಣದ ಪುಟ ತೆಗೆಯಲು ಹೇಳಿ ಹೋಗಿ.