ಬಾವುಟದ ಹಗ್ಗ ಯಾರ ಕೈಗೆ?

ಮಕ್ಕಳನ್ನು ಚಾರಿತ್ರಿಕ ಸ್ಥಳಕ್ಕೆ ಕರೆದೊಯ್ದು, ಒಂದು ರಾತ್ರಿ ಅಲ್ಲೇ ಉಳಿಸಿಕೊಂಡು, ನಡೆದದ್ದನ್ನು ಅವರಿಂದಲೇ ಆಡಿಸುವ ಪ್ರವಾಸಗಳನ್ನು ಈಗ ಕೆಲವು ಶಾಲೆಗಳು ಏರ್ಪಡಿಸುತ್ತಿವೆ. ಬಹಳ ಒಳ್ಳೆಯದು. ಪಠ್ಯದಲ್ಲಿ ಓದಿದ್ದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಮೈಯಾರೆ ಮಾಡಿದ್ದು ಉಳಿಯುತ್ತದೆ. ನನ್ನ ತಕರಾರು ಒಂದೇ: ಆ ಬೆಳಿಗ್ಗೆ ಬಾವುಟದ ಹಗ್ಗ ಯಾರ ಕೈಯಲ್ಲಿರುತ್ತದೆ?

ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೇನೆ. ಈಚೆಗೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಇಂಥ ಪ್ರವಾಸ ಹೋದಾಗ ನಲವತ್ತು ಮಕ್ಕಳಲ್ಲಿ ಹುಡುಗಿಯರು ಒಂಬತ್ತೇ ಜನ. ಉಳಿದವರ ಮನೆಯವರು ‘ರಾತ್ರಿ ಉಳಿಯೋದಾದ್ರೆ ಬೇಡ ಟೀಚರ್’ ಎಂದು ಒಪ್ಪಿಗೆ ಪತ್ರ ವಾಪಸು ಕಳಿಸಿದ್ದರು. ಬಂದ ಒಂಬತ್ತು ಜನರಿಗೆ ಸಿಕ್ಕ ಪಾತ್ರವೇನು? ರಂಗೋಲಿ, ಆರತಿ ತಟ್ಟೆ, ಹಾಡು. ಸತ್ಯಾಗ್ರಹಿಗಳು, ಪೊಲೀಸರು, ಮುಖಂಡರು ಎಲ್ಲರೂ ಹುಡುಗರೇ. ಒಬ್ಬಳು ಧೈರ್ಯ ಮಾಡಿ ‘ಸಾರ್, ನಾನು ಹಾರಿಸ್ಲಾ?’ ಎಂದಳು. ಜೊತೆಗಿದ್ದ ಮೇಷ್ಟರು ನಕ್ಕರು: ‘ಆಗ ಹೆಂಗಸರು ಎಲ್ಲಿದ್ರಮ್ಮ? ಇತಿಹಾಸ ಹೇಗಿತ್ತೋ ಹಾಗೇ ಆಡಬೇಕು.’

ಹಾಗೇ ಆಡೋಣ ಸ್ವಾಮಿ! ಮೈಸೂರು ಸರ್ಕಾರದ ನಿಷೇಧವಿದ್ದರೂ 1938ರ ಏಪ್ರಿಲ್ 25ರಂದು ಇದೇ ನೆಲದಲ್ಲಿ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು. ಅಂದು ಸತ್ತವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಇದ್ದಳು. 1942ರ ಸೆಪ್ಟೆಂಬರ್ 20ರಂದು ಅಸ್ಸಾಮಿನ ಗೋಹಪುರದಲ್ಲಿ ಬಾವುಟ ಹಿಡಿದು ಮುಂದೆ ನಡೆದು ಗುಂಡಿಗೆ ಬಲಿಯಾದ ಕನಕಲತಾ ಬರುವಾಗೆ ಹದಿನೇಳು ವರ್ಷ. ಅದೇ ತಿಂಗಳ 29ರಂದು ಬಂಗಾಳದ ತಮ್ಲುಕ್‌ನಲ್ಲಿ ಎಪ್ಪತ್ತು ದಾಟಿದ ಮಾತಂಗಿನಿ ಹಾಜ್ರಾ ಬಾವುಟ ಹಿಡಿದೇ ಬಿದ್ದರು. 1947ರ ಆಗಸ್ಟ್ 14ರ ರಾತ್ರಿ ಭಾರತದ ಹೆಂಗಸರೆಲ್ಲರ ಪರವಾಗಿ ಸಂವಿಧಾನ ಸಭೆಗೆ ರಾಷ್ಟ್ರಧ್ವಜ ಅರ್ಪಿಸಿದವರು ಹಂಸಾ ಮೆಹ್ತಾ. ನಮ್ಮ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ನೋಡಿ. ಖಾದಿ ಬಾವುಟ ಹೊಲಿಯುವ ಕೈಗಳಲ್ಲಿ ಬಳೆಗಳೇ ಹೆಚ್ಚು. ಹೊಲಿಯಲು ಹೆಣ್ಣು, ಸಾಯಲು ಹೆಣ್ಣು, ಹಗ್ಗ ಎಳೆಯಲು ಮಾತ್ರ ಗಂಡೇ ಬೇಕೇ?

ಮೇಷ್ಟರನ್ನಷ್ಟೇ ದೂರಿ ಫಲವಿಲ್ಲ. ಒಪ್ಪಿಗೆ ಪತ್ರ ವಾಪಸು ಬಂದದ್ದು ನಮ್ಮಂಥ ತಾಯಂದಿರ ಮನೆಗಳಿಂದಲೇ. ಹೆತ್ತವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನೆಂಟರ ಮದುವೆಯಲ್ಲಿ ರಾತ್ರಿಯೆಲ್ಲಾ ನಿದ್ದೆಗೆಟ್ಟು ತರಕಾರಿ ಹೆಚ್ಚಲು ಅದೇ ಮಗಳನ್ನು ಬಿಡುತ್ತೇವಲ್ಲ, ಆಗ ಈ ಭಯ ಎಲ್ಲಿ ಹೋಗಿರುತ್ತದೆ? ಭಯಕ್ಕೆ ಮದ್ದು ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ, ಶಾಲೆಯನ್ನು ಪ್ರಶ್ನಿಸುವುದು. ಜೊತೆಗೆ ಎಷ್ಟು ಜನ ಶಿಕ್ಷಕಿಯರು ಬರುತ್ತಾರೆ? ಹುಡುಗಿಯರ ಕೋಣೆಗೆ ಚಿಲಕವಿದೆಯೇ? ಬಚ್ಚಲಿನಲ್ಲಿ ನೀರು, ದೀಪ ಇದೆಯೇ? ಇವಿಷ್ಟನ್ನು ಕೇಳಿ, ಬರೆಸಿಕೊಂಡು, ಸಹಿ ಹಾಕಿ.

ಸಹಿ ಹಾಕುವಾಗ ಇನ್ನೊಂದು ಮಾತನ್ನೂ ಕೇಳಿ: ‘ನನ್ನ ಮಗಳಿಗೆ ತಟ್ಟೆ ಕೊಡುತ್ತೀರೋ, ಹಗ್ಗ ಕೊಡುತ್ತೀರೋ?’ ಉತ್ತರ ಬರುವ ತನಕ ಹೆಡ್‌ಮಾಸ್ಟರ ಕೋಣೆಯಿಂದ ಏಳಬೇಡಿ.